ಜಗನ್ಮೋಹನ ಅರಮನೆಯ ಪಾಠದಲ್ಲಿ ನಾನು ಮಾಡಿದ ತಪ್ಪು

ಹತ್ತಿಕುಣಿಯ ಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆದಿತ್ತು. ಎಂಟನೆಯ ತರಗತಿಗೆ ‘ಕಟ್ಟಡವೂ ಚರಿತ್ರೆಯ ಆಧಾರ’ ಎಂಬ ಅಂಶವನ್ನು ತಿಳಿಸಲು ಮೈಸೂರಿನ ಜಗನ್ಮೋಹನ ಅರಮನೆಯನ್ನು ಆರಿಸಿಕೊಂಡೆ. ಮಕ್ಕಳಲ್ಲಿ ಮೈಸೂರು ಕಂಡವರು ಒಬ್ಬರೂ ಇರಲಿಲ್ಲ.

ಪಾಠಯೋಜನೆಯಂತೆ ಇಸವಿಗಳನ್ನು ಹಲಗೆಯ ಮೇಲೆ ಬರೆದೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, 1897ರಲ್ಲಿ ಮರದ ದೊಡ್ಡ ಅರಮನೆ ಸುಟ್ಟಾಗ ರಾಜಮನೆತನ ಇಲ್ಲಿಗೆ ಬಂದದ್ದು, 1902ರಲ್ಲಿ ನಾಲ್ವಡಿಯವರು ಆಡಳಿತ ವಹಿಸಿಕೊಂಡದ್ದು, 1915ರಲ್ಲಿ ಚಿತ್ರಶಾಲೆಯಾದದ್ದು. ಸಭಾಂಗಣದ ಸಂಗೀತ, ನೃತ್ಯ, ನಾಟಕಗಳಿಗೆ ಒಂದು ಸಾಲು. ಮಕ್ಕಳು ಬರೆದುಕೊಂಡರು, ಅಷ್ಟೆ.

ಅಲ್ಲಿರುವ ‘ದೀಪ ಹಿಡಿದ ಮಹಿಳೆ’ ಚಿತ್ರದ ಮುದ್ರಿತ ಪ್ರತಿ ತೋರಿಸಿದಾಗ ಮಾತ್ರ ಹಿಂದಿನ ಸಾಲಿನವರೂ ಎದ್ದು ನಿಂತರು. ಬೆಳಕು ಎಲ್ಲಿಂದ ಬಂದಿದೆ ಎಂದು ಕೇಳಿದೆ. ಒಬ್ಬ ಹುಡುಗಿ ಕೆಂಪಗೆ ಹೊಳೆಯುವ ಬೆರಳುಗಳನ್ನು ತೋರಿಸಿ, “ಕರೆಂಟ್ ಹೋದಾಗ ನಮ್ಮವ್ವ ದೀಪಕ್ಕ ಹಿಂಗ ಕೈ ಮರಿ ಮಾಡ್ತಾಳ್ರಿ ಸರ” ಎಂದಳು. ಆ ಹುಮ್ಮಸ್ಸಿನಲ್ಲಿ, ಇದು ರವಿವರ್ಮನ ಚಿತ್ರ ಎಂದುಬಿಟ್ಟೆ.

ಪಾಠ ವೀಕ್ಷಿಸಿದ ಉಪನ್ಯಾಸಕರು ಒಂದೇ ಸಾಲು ಬರೆದಿದ್ದರು: ಚಿತ್ರಕಾರನ ಹೆಸರು ನೋಡಿಕೊಳ್ಳಿ. ನೋಡಿದೆ. ಅದು ಎಸ್. ಎಲ್. ಹಲ್ದಣಕರ್ 1940ರ ದಶಕದಲ್ಲಿ ರಚಿಸಿದ ಜಲವರ್ಣ ಚಿತ್ರ. ರವಿವರ್ಮನ ಚಿತ್ರಗಳೂ ಅಲ್ಲೇ ಇರುವುದರಿಂದ ಬಹಳ ಜನ ಹೀಗೆ ತಪ್ಪುತ್ತಾರೆ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಉಳಿದದ್ದು ಒಂದೇ ಅವಧಿ. ಸುಮ್ಮನಿದ್ದಿದ್ದರೆ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ; ಮೂವತ್ತು ನೋಟ್‌ಬುಕ್ಕುಗಳಲ್ಲಿ ನನ್ನ ತಪ್ಪು ಉಳಿಯುತ್ತಿತ್ತು.

ಮರುದಿನ ಹೋದ ಕೂಡಲೇ ಹೇಳಿದೆ. “ಹಂಗಾದ್ರ ನಿನ್ನಿ ಬರಕೊಂಡಿದ್ದು ಹೊಡದ ಹಾಕ್ಬೇಕೇನ್ರಿ ಸರ?” ಎಂದ ಒಬ್ಬ. ನಗು ಎದ್ದಿತು. ನನ್ನ ಕಿವಿ ಬಿಸಿಯಾಯಿತು.

ಹೊಡೆದುಹಾಕುವ ಮೊದಲು, ನಾನು ಹೇಳಿದ್ದು ತಪ್ಪೆಂದು ನೀವೇ ಹೇಗೆ ಕಂಡುಹಿಡಿಯುತ್ತಿದ್ದಿರಿ ಎಂದು ಕೇಳಿದೆ. ರವಿವರ್ಮ ತೀರಿಕೊಂಡ 1906, ಚಿತ್ರಶಾಲೆಯ 1915, ಚಿತ್ರ ರಚನೆಯಾದ ದಶಕ, ಇಷ್ಟನ್ನೇ ಹಲಗೆಯ ಮೇಲೆ ಬರೆದೆ. “ಸತ್ತವ್ರು ಚಿತ್ರ ಹೆಂಗ ತಗೀತಾರ್ರಿ?” ಎಂಬ ಪ್ರಶ್ನೆ ತಟ್ಟನೆ ಬಂತು. ಚಿತ್ರಶಾಲೆ ಆಗುವಾಗಲೇ ರವಿವರ್ಮ ಇರಲಿಲ್ಲ ಎಂದು ಇನ್ನೊಬ್ಬಳು ಲೆಕ್ಕ ಹಾಕಿದಳು. ಹಿಂದಿನ ದಿನ ಸುಮ್ಮನೆ ಬರೆದುಕೊಂಡಿದ್ದ ಇಸವಿಗಳು ಈಗ ಕೆಲಸಕ್ಕೆ ಬಂದವು.

ಮೌಲ್ಯಮಾಪನಕ್ಕೆ ‘ಕಟ್ಟಿಸಿದವರು ಯಾರು?’ ಎಂಬುದನ್ನು ಬಿಟ್ಟು ‘ಈ ಕಟ್ಟಡ ಯಾವ ಯಾವ ಕೆಲಸಕ್ಕೆ ಬಂತು?’ ಎಂದು ಕೇಳಿದೆ. ವಾಸದ ಮನೆ, ದರ್ಬಾರು, ಚಿತ್ರಶಾಲೆ ಎಂದು ಬಹುತೇಕರು ಬರೆದರು. ಸಭಾಂಗಣವನ್ನು ಬರೆದವರು ನಾಲ್ವರು. ಒಂದೇ ಸಾಲಿನಲ್ಲಿ ಮುಗಿಸಿದ್ದು ನಾನೇ ಅಲ್ಲವೇ. ಮುಂದಿನ ಸಲ ಪಾಠವನ್ನು ಚಿತ್ರದಿಂದ ಆರಂಭಿಸಿ, ಒಂದು ಕಛೇರಿಯ ಧ್ವನಿಮುದ್ರಣವನ್ನೂ ಕೇಳಿಸಬೇಕೆಂದು ಯೋಜನೆಯ ಅಂಚಿನಲ್ಲಿ ಬರೆದುಕೊಂಡಿದ್ದೇನೆ.