ಬೆಲೆ ಬಿದ್ದ ಟೊಮೆಟೊ, ರಾಗಿ ಶಾವಿಗೆಗೆ ಗೊಜ್ಜು

ತಾಳಮಲೆಯ ನಮಗೆ ಗೊತ್ತಿರುವುದೇ: ಬೆಲೆ ಕುಸಿದರೆ ಕಿತ್ತ ಕೂಲಿಯೂ ಹುಟ್ಟದೆ ಟೊಮೆಟೊ ಹೊಲದಲ್ಲೇ ಕೊಳೆಯುತ್ತದೆ. ಅದೇ ವಾರ ಮಕ್ಕಳಿಗೆಂದು ಅಂಗಡಿಯ ಸಾಸ್ ಬಾಟಲಿ ಕೊಳ್ಳುತ್ತೇವೆ! ಇಟಲಿಯವರು ಪಾಸ್ತಾಕ್ಕೆ ಹಾಕುವುದೂ ನಮ್ಮ ಗೊಜ್ಜಿನಂಥದ್ದೇ.

1 ಕಿಲೊ ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ, ಸಿಪ್ಪೆ ಸುಲಿದು ಕಿವುಚಿ. 2 ಚಮಚ ಕಡಲೆಕಾಯಿ ಎಣ್ಣೆಯಲ್ಲಿ 2 ಈರುಳ್ಳಿ, 6 ಎಸಳು ಬೆಳ್ಳುಳ್ಳಿ ಬಾಡಿಸಿ, ಹಣ್ಣು, ಉಪ್ಪು ಸೇರಿಸಿ, ಅರ್ಧಕ್ಕೆ ಇಂಗುವ ತನಕ ಸಣ್ಣ ಉರಿಯಲ್ಲಿ ಕುದಿಸಿ. ಹುಳಿ ಹೆಚ್ಚೆನಿಸಿದರೆ ಚೂರು ಬೆಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡ. ಹುಳಿ ಅದನ್ನು ತಿನ್ನುತ್ತದೆ. ಬೆಂದ ರಾಗಿ ಶಾವಿಗೆಯ ಮೇಲೆ ಬಿಸಿಯಾಗಿ ಸುರಿಯಿರಿ.

ಎಣ್ಣೆಯಲ್ಲಿ ಬೆಂದಾಗ ಟೊಮೆಟೊದ ಕೆಂಪು ಸತ್ವ ಲೈಕೊಪೀನ್ ಮೈಗೆ ಚೆನ್ನಾಗಿ ಹಿಡಿಯುತ್ತದೆ, ಸಿ ಜೀವಸತ್ವ ಮಾತ್ರ ಕುಗ್ಗುತ್ತದೆ. ಅದಕ್ಕೇ ಜೊತೆಗೆ ಹಸಿ ಕೋಸಂಬರಿ: ಮೊಳಕೆ ಹೆಸರುಕಾಳು, ತುರಿದ ಎಲೆಕೋಸು, ನಿಂಬೆರಸ. ಬೂಷ್ಟು ಹಿಡಿದ ಹಣ್ಣನ್ನು ಕತ್ತರಿಸಿ ಬಳಸಬೇಡಿ, ಬಿಸಾಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಗೊಜ್ಜು ಅಂದೇ ಮುಗಿಯಲಿ.