ಕ್ಯಾಶುವಲ್ಟಿ ಎಂದರೆ ಸಾವಷ್ಟೇ ಅಲ್ಲ

1999ರ ಜೂನ್. ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿ ಗೋಕಾಕದ ಕಾಲೇಜಿಗೆ ಹೆಸರು ಹಚ್ಚಿದ್ದೆ. ನಮ್ಮ ನಾಗನೂರ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಆಗ ಗೋಕಾಕ ತಾಲ್ಲೂಕಿಗೇ ಸೇರಿತ್ತು. ಹತ್ತು ವರ್ಷ ಕನ್ನಡದಲ್ಲಿ ಕಲಿತು ಬಂದ ನನಗೆ ಕಾಲೇಜಿನ ಇಂಗ್ಲಿಷ್ ಪಾಠ ಕಿವಿಗೆ ಬೀಳುತ್ತಿತ್ತು, ತಲೆಗೆ ಇಳಿಯುತ್ತಿರಲಿಲ್ಲ. ದಿನಾ ಇಂಗ್ಲಿಷ್ ಪತ್ರಿಕೆ ಓದು ಎಂದು ಉಪನ್ಯಾಸಕರೊಬ್ಬರು ಹೇಳಿದ್ದರು. ಗ್ರಂಥಾಲಯದಿಂದ ಹಿಂದಿನ ದಿನದ ಪತ್ರಿಕೆ ಕೇಳಿ ಪಡೆದು ಬಸ್ಸಿನಲ್ಲಿ ಊರಿಗೆ ತರುತ್ತಿದ್ದೆ. ಕಾರ್ಗಿಲ್ ಯುದ್ಧದ ದಿನಗಳು ಅವು.

ನಮ್ಮ ಓಣಿಯ ದೊಡ್ಡವ್ವನ ಮಗ ಸೈನ್ಯದಲ್ಲಿದ್ದ. ಅವನ ಪತ್ರ ಬಂದು ತಿಂಗಳಾಗಿತ್ತು. ನನ್ನ ಕೈಯಲ್ಲಿ ಪತ್ರಿಕೆ ಕಂಡ ಕೂಡಲೇ ಆಕೆ ಕಟ್ಟೆಯ ಮೇಲೆ ಕೂರಿಸಿಕೊಂಡು, "ಏನ್ ಬರದಾರ ಓದಪಾ ತಮ್ಮಾ" ಎಂದಳು. ತಲೆಬರಹದಲ್ಲಿ ಕ್ಯಾಶುವಲ್ಟೀಸ್ ಎಂಬ ಪದವಿತ್ತು, ಪಕ್ಕದಲ್ಲೊಂದು ಸಂಖ್ಯೆ. "ಇಷ್ಟು ಮಂದಿ ಸತ್ತಾರಂತ ದೊಡ್ಡವ್ವ" ಎಂದುಬಿಟ್ಟೆ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವಳು ಅಂದು ಒಲೆ ಹಚ್ಚಲಿಲ್ಲ.

ಸಂಜೆ ವಿಷಯ ತಿಳಿದ ನಮ್ಮ ಕಾಕಾ ಪತ್ರಿಕೆ ಇಸಿದುಕೊಂಡರು. ಅವರು ದವಾಖಾನೆಯೊಂದರಲ್ಲಿ ಕಂಪೌಂಡರ್. "ದೊಡ್ಡ ದವಾಖಾನಿ ಬಾಗಲಾಗ ಕ್ಯಾಶುವಲ್ಟಿ ಅಂತ ಬೋರ್ಡ್ ಇರತೈತಲ್ಲ, ಅಲ್ಲಿಗೆ ಸತ್ತವರನ್ನಷ್ಟ ತರತಾರೇನು?" ಎಂದು ಕೇಳಿದರು. ಸತ್ತವರು, ಗಾಯಗೊಂಡವರು ಎಲ್ಲರೂ ಸೇರಿದ ಲೆಕ್ಕ ಅದು. ಸುದ್ದಿಯ ಒಳಗೆ ಇಬ್ಬರ ಸಂಖ್ಯೆಯನ್ನೂ ಬೇರೆಬೇರೆಯಾಗಿ ಕೊಟ್ಟಿದ್ದರು. ನಾನು ತಲೆಬರಹ ದಾಟಿರಲಿಲ್ಲ. ರಾತ್ರಿಯೇ ಹೋಗಿ ದೊಡ್ಡವ್ವನ ಮುಂದೆ ತಪ್ಪು ಒಪ್ಪಿಕೊಂಡೆ. "ಹಂಗಾದ್ರ ಬದುಕಿದವರೂ ಅದಾರು" ಎಂದು ಆಕೆ ಎರಡು ಸಲ ಹೇಳಿಕೊಂಡಳು.

ಮರುದಿನ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಪದ, ಕನ್ನಡದ ಅರ್ಥ, ಯಾರು ಹೇಳಿದರು, ಆಮೇಲೆ ಏನಾಯಿತು ಎಂದು ನಾಲ್ಕು ಮನೆ ಹಾಕಿದೆ. ಬೆಳಿಗ್ಗೆ ಆಕಾಶವಾಣಿಯ ಕನ್ನಡ ವಾರ್ತೆ ಕೇಳುವುದು, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದುವುದು. ಏನು ನಡೆದಿದೆ ಎಂಬುದು ಕನ್ನಡದಲ್ಲಿ ಮೊದಲೇ ಗೊತ್ತಿದ್ದರೆ, ಗೊತ್ತಿಲ್ಲದ ಪದ ತಾನಾಗಿ ತನ್ನ ಜಾಗದಲ್ಲಿ ಕೂರುತ್ತದೆ. ನಿಘಂಟು ತೆಗೆಯುವುದು ಕೊನೆಗೆ, ನನ್ನ ಊಹೆ ಸರಿಯೇ ಎಂದು ನೋಡಲಿಕ್ಕೆ. ಇದು ನಾನು ಕಲಿತ ಮೊದಲ ಪಾಠ.

ಎರಡನೆಯದನ್ನು ಹೊಲ ಕಲಿಸಿತು. ಸೀಸ್‌ಫೈರ್, ಆರ್ಮಿಸ್ಟಿಸ್, ಟ್ರೀಟಿ ಮೂರೂ ನನಗೆ ಒಂದೇ ಆಗಿ ಕಾಣುತ್ತಿದ್ದವು. ಬದುವಿನ ಜಗಳ ನೋಡಿ ಬೆಳೆದವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಇಬ್ಬರೂ ಬಡಿಗೆ ಕೆಳಗಿಟ್ಟರೆ ಸೀಸ್‌ಫೈರ್. ಹಿರಿಯರ ಮುಂದೆ ಷರತ್ತು ಬರೆದು, ಇನ್ನು ಹೊಡೆದಾಟವಿಲ್ಲ ಎಂದು ಸಹಿ ಹಾಕಿದರೆ ಆರ್ಮಿಸ್ಟಿಸ್. ಜಗಳದ ಮೂಲವೇ ತೀರಿ, ಕಾಗದಪತ್ರ ಪಕ್ಕಾ ಆದರೆ ಶಾಂತಿಯ ಟ್ರೀಟಿ. ಕೊರಿಯಾ ಯುದ್ಧ 1953ರ ಜುಲೈ 27ರಂದು ಆರ್ಮಿಸ್ಟಿಸ್‌ನೊಂದಿಗೆ ನಿಂತಿತು; ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಕಾಶ್ಮೀರದಲ್ಲಿ 1949ರ ಸೀಸ್‌ಫೈರ್ ಲೈನ್, 1972ರ ಶಿಮ್ಲಾ ಒಪ್ಪಂದದ ನಂತರ ಲೈನ್ ಆಫ್ ಕಂಟ್ರೋಲ್ ಆಯಿತು. ಅದನ್ನು ಬಾರ್ಡರ್ ಎಂದು ಬರೆಯದೆ ನಿಯಂತ್ರಣ ರೇಖೆ ಎನ್ನುವುದೇಕೆ ಎಂಬುದು, ದಾವೆ ತೀರದ ಹೊಲದ ಗಡಿಯನ್ನು ನೆನೆದಾಗ ಅರ್ಥವಾಯಿತು.

ಮೂರನೆಯ ಪಾಠ ಸಣ್ಣ ಪದಗಳದ್ದು. ಕನ್ನಡದಲ್ಲಿ ಇಲ್ಲದ 'ದಿ' ಎಂಬ ಪದವನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದು ನನಗೆ ಬಹುಕಾಲ ಒಗಟಾಗಿತ್ತು. ಅದರ ಬೆಲೆ ತೋರಿಸಿದ್ದು 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 242ನೇ ನಿರ್ಣಯ. ಇಸ್ರೇಲ್ ತಾನು ಹಿಡಿದ ಪ್ರದೇಶಗಳಿಂದ ಹಿಂದೆ ಸರಿಯಬೇಕು ಎನ್ನುವ ಇಂಗ್ಲಿಷ್ ಸಾಲಿನಲ್ಲಿ ಪ್ರದೇಶಗಳು ಎಂಬ ಪದದ ಮುಂದೆ ಆ 'ದಿ' ಇಲ್ಲ. ಎಲ್ಲ ಪ್ರದೇಶಗಳಿಂದಲೇ, ಕೆಲವುಗಳಿಂದಲೇ ಎಂಬ ವಾದ ಅಲ್ಲಿಂದ ಹುಟ್ಟಿತು. ಫ್ರೆಂಚ್ ಪಠ್ಯವನ್ನು ಓದಿದವರು ಅದರಲ್ಲಿ ಎಲ್ಲ ಪ್ರದೇಶಗಳು ಎಂಬ ಅರ್ಥವಿದೆ ಎಂದರು. ಒಂದು ಪುಟ್ಟ ಪದದ ಮೇಲೆ ಇಷ್ಟು ವರ್ಷ ನಾಡುಗಳು ವಾದಿಸಿವೆ ಎಂದು ತಿಳಿದ ಮೇಲೆ ನಾನು ಅದನ್ನು ಲಘುವಾಗಿ ಕಂಡಿಲ್ಲ.

ಈಗ ನಾನು ಇಂಗ್ಲಿಷ್ ಶಿಕ್ಷಕ. 2025ರ ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳನ್ನು ಬೇವಿನ ಮರದಡಿ ಕೂರಿಸಿಕೊಂಡು ಅದೇ ನಾಲ್ಕು ಮನೆಯ ಪುಸ್ತಕ ಬರೆಸಿದೆ. ಪಹಲ್ಗಾಮ್ ದಾಳಿಯ ಮರುದಿನ, ಏಪ್ರಿಲ್ 23ರಂದು, 1960ರ ಸಿಂಧೂ ಜಲ ಒಪ್ಪಂದವನ್ನು ಭಾರತ ಅಬೇಯನ್ಸ್‌ನಲ್ಲಿ ಇಟ್ಟಿತು. "ರದ್ದಾತೇನ್ರೀ ಸರ್?" ಎಂದು ಮಕ್ಕಳು ಕೇಳಿದರು. ಕಾಲುವೆ ನೀರಿನ ಪಾಳಿ ಬಲ್ಲ ಮಕ್ಕಳು ಅವರು. ಪಾಳಿಯ ಪಟ್ಟಿ ಹರಿದು ಹಾಕುವುದು ಬೇರೆ, ಸದ್ಯಕ್ಕೆ ಪಾಳಿ ನಡೆಯುವುದಿಲ್ಲ ಎನ್ನುವುದು ಬೇರೆ ಎಂದೆ. ಒಬ್ಬಳು ತಾನೇ ಅಮಾನತು ಎಂದು ಬರೆದಳು.

ಮೇ 7ರಂದು ಆಪರೇಷನ್ ಸಿಂಧೂರದ ವಿವರ ನೀಡಲು ಕರ್ನಲ್ ಸೋಫಿಯಾ ಖುರೇಷಿ ಬಂದಾಗ ನಮ್ಮ ಕಡೆ ಸಡಗರವೋ ಸಡಗರ. ಅವರ ಗಂಡನ ಊರು ಗೋಕಾಕ ತಾಲ್ಲೂಕಿನ ಕೊಣ್ಣೂರ. ಅವರು ಹಿಂದಿಯಲ್ಲಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಇಂಗ್ಲಿಷಿನಲ್ಲಿ ಮಾತಾಡಿದರು. ಅಂದು ನಾವು ಹಿಡಿದ ಪದ ನಾನ್‌ಎಸ್ಕಲೇಟರಿ. ಮಾಲ್‌ಗಳಲ್ಲಿ ತಾನೇ ಮೇಲೇರುವ ಮೆಟ್ಟಿಲು ಎಸ್ಕಲೇಟರ್; ಎಸ್ಕಲೇಟ್ ಎಂಬ ಕ್ರಿಯಾಪದ ಹುಟ್ಟಿದ್ದೇ ಅದರಿಂದ. ಒಮ್ಮೆ ಕಾಲಿಟ್ಟರೆ ಅದು ಮೇಲಕ್ಕೆ ಒಯ್ಯುತ್ತಲೇ ಇರುತ್ತದೆ. ಯುದ್ಧಕ್ಕೆ ಆ ಮಾತು ಏಕೆ ಅಂಟಿತೆಂದು ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

ಮೇ 10ರಂದು ಗುಂಡಿನ ಸದ್ದು ನಿಂತಾಗ ಮೂರನೆಯ ಮನೆ ಉಪಯೋಗಕ್ಕೆ ಬಂತು. ಅಮೆರಿಕದ ಅಧ್ಯಕ್ಷರು ಬಳಸಿದ ಪದ ಸೀಸ್‌ಫೈರ್. ನಮ್ಮ ವಿದೇಶಾಂಗ ಸಚಿವ ಎಸ್. ಜೈಶಂಕರ್ ಬಳಸಿದ್ದು ಅಂಡರ್‌ಸ್ಟ್ಯಾಂಡಿಂಗ್. ನಡೆದದ್ದು ಒಂದೇ, ಹೆಸರು ಎರಡು. ರಾಯಭಾರಿಕೆಯಲ್ಲಿ ಪದ ಆರಿಸಿದವರ ನಿಲುವೂ ಪದದ ಅರ್ಥದೊಳಗೇ ಇರುತ್ತದೆ. ಅದನ್ನು ಯಾವ ನಿಘಂಟೂ ಹೇಳುವುದಿಲ್ಲ.

ಕಾರ್ಗಿಲ್‌ನಲ್ಲಿ ನಮ್ಮ 527 ಯೋಧರು ಹುತಾತ್ಮರಾದರು. ದೊಡ್ಡವ್ವನ ಮಗ ಆ ವರ್ಷ ಸುಗ್ಗಿಯ ಹೊತ್ತಿಗೆ ರಜೆಗೆ ಬಂದ. ಆ 527 ಮನೆಗಳು ಕಾದವರು ಬರಲಿಲ್ಲ. ಹಾಗಾಗಿ ನಮ್ಮ ಪುಸ್ತಕಕ್ಕೆ ಒಂದು ಕಟ್ಟಳೆ ಇದೆ: ಯುದ್ಧದ ಪದಕ್ಕೆ ಅರ್ಥ ಬರೆಯುವಾಗ ಅದರಲ್ಲಿ ಮನುಷ್ಯರು ಕಾಣಬೇಕು. ಕೊಲ್ಯಾಟರಲ್ ಡ್ಯಾಮೇಜ್ ಎಂಬ ಪದ ಬಂದ ದಿನ ಮಕ್ಕಳು ತಡವರಿಸಿದರು. ಕೊಲ್ಯಾಟರಲ್ ಎಂದರೆ ಬ್ಯಾಂಕಿನ ಸಾಲಕ್ಕೆ ಇಡುವ ಆಧಾರ ಎಂದು ಒಬ್ಬನಿಗೆ ಗೊತ್ತಿತ್ತು; ಇಲ್ಲಿ ಅದು ಕೂಡಲಿಲ್ಲ. ಗುರಿ ಯಾರೋ, ಪೆಟ್ಟು ತಿಂದವರು ಪಕ್ಕದವರು ಎಂದಷ್ಟೇ ಹೇಳಿ ಬಿಟ್ಟೆ. ಏಳನೆಯ ಇಯತ್ತೆಯ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡನೆಯ ಮನೆಯಲ್ಲಿ ಬರೆದಳು: "ಏನೂ ಮಾಡದವರ ಮನಿ ಬಿತ್ತು. ಒಳಗ ಮಂದಿ ಇದ್ರು." ನಾನು ಅದನ್ನು ತಿದ್ದಲಿಲ್ಲ.