ಲೈನ್‌ಮನ್‌ಗೆ ಮಾಡಿದ ಫೋನು ದೂರಲ್ಲ

ಹೋದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಗೋಡೆ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ನನ್ನ ವಕೀಲಿ ಆಫೀಸಿಗೆ ಬಂದರು. ಮನೆಯ ಇಂಟರ್‌ನೆಟ್ ಸತ್ತಿದ್ದ ದಿನಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಎಣಿಸಿದರೆ ಇಪ್ಪತ್ತಾರು. ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಮೊಬೈಲ್ ನಂಬರ್.

“ದಿನಾ ಫೋನ್ ಮಾಡಿದೀನಿ ಸಾರ್. ನಾಳೆ ಬರ್ತೀನಿ ಅಂತಾನೇ ಇದ್ದ.”

“ಕಂಪನಿಗೆ ದೂರು ಕೊಟ್ಟಿದ್ರಾ?”

“ಅವನೇ ಕಂಪನಿಯವನಲ್ವಾ?”

ಅಲ್ಲ. ಅವನು ಏರಿಯಾದ ಕೇಬಲ್ ಗುತ್ತಿಗೆದಾರನ ಹುಡುಗ. ನಾವು ನೋಟಿಸ್ ಕೊಟ್ಟಾಗ ಕಂಪನಿ ಎರಡೇ ಸಾಲಿನ ಉತ್ತರ ಕಳಿಸಿತು: ಆ ಅವಧಿಯಲ್ಲಿ ಈ ಗ್ರಾಹಕರಿಂದ ಯಾವ ದೂರೂ ದಾಖಲಾಗಿಲ್ಲ. ಮೇಷ್ಟ್ರ ಇಪ್ಪತ್ತಾರು ಸುತ್ತುಗಳು ಅಲ್ಲಿಗೆ ಸೊನ್ನೆಯಾದವು.

ನನ್ನ ಹತ್ತಿರ ಬರುವ ಬ್ರಾಡ್‌ಬ್ಯಾಂಡ್ ತಕರಾರುಗಳಲ್ಲಿ ಮುಕ್ಕಾಲು ಪಾಲು ಮುಗ್ಗರಿಸುವುದು ಇಲ್ಲೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಉಚಿತ ಕರೆಯ ದೂರು ಕೇಂದ್ರ ಇಟ್ಟಿರಬೇಕು, ದೂರು ಕೊಟ್ಟವರಿಗೆಲ್ಲ ಡಾಕೆಟ್ ನಂಬರ್ ಕೊಡಬೇಕು. ಕಾನೂನಿನ ಗಡಿಯಾರ ಓಡಲು ಶುರುವಾಗುವುದು ಆ ನಂಬರಿನಿಂದ. 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಗುಣಮಟ್ಟದ ನಿಯಮಗಳ ಪ್ರಕಾರ, ದೋಷ ಮೂರು ದಿನದೊಳಗೆ ಸರಿಹೋಗದಿದ್ದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕು. ಪ್ರೀಪೇಯ್ಡ್ ಗ್ರಾಹಕರಿಗೂ ಪರಿಹಾರ ಉಂಟು. ಆದರೆ ಮೂರು ದಿನ ಎಂದರೆ ಯಾವತ್ತಿನಿಂದ? ನೀವು ಹುಡುಗನಿಗೆ ವಾಟ್ಸಾಪ್ ಮಾಡಿದ ದಿನದಿಂದ ಎಂದು ಕಂಪನಿ ಎಂದಿಗೂ ಒಪ್ಪುವುದಿಲ್ಲ.

ಹಾಗಾಗಿ ರೂಟರ್ ಪಕ್ಕದ ಡಬ್ಬಿಯಲ್ಲಿ ಲಾಸ್ ಎಂದು ಬರೆದಿರುವ ದೀಪ ಕೆಂಪಗಾದರೆ ಮೊದಲು ಅದರ ಫೋಟೊ ತೆಗೆಯಿರಿ. ಆಮೇಲೆ ಕಂಪನಿಯ ನಂಬರಿಗೆ ಇಲ್ಲವೇ ಆ್ಯಪ್‌ನಲ್ಲಿ ದೂರು ಕೊಡಿ. ಡಾಕೆಟ್ ನಂಬರ್ ಇರುವ ಎಸ್ಸೆಮ್ಮೆಸ್ ಬಂತೇ ನೋಡಿ, ಬಂದದ್ದನ್ನು ಅಳಿಸಬೇಡಿ. ಹುಡುಗನಿಗೂ ಫೋನ್ ಮಾಡಿ, ಬೇಡ ಎನ್ನುವುದಿಲ್ಲ. ಲೈನ್ ಸರಿ ಮಾಡುವವನು ಅವನೇ. ಆದರೆ ಅದು ಎರಡನೇ ಫೋನ್ ಆಗಿರಲಿ.

ನಂಬರ್ ಸಿಕ್ಕಿತು ಎಂದು ನಿರಾಳವಾಗುವ ಹೊತ್ತಿಗೆ ಇನ್ನೊಂದು ಕಿತಾಪತಿ ಕಾದಿರುತ್ತದೆ. ಹುಡುಗ ಬಂದು ವೈರು ಅಲ್ಲಾಡಿಸಿ, “ಒಂದು ಓಟಿಪಿ ಬಂದಿರುತ್ತೆ ಹೇಳಿ ಆಂಟಿ, ನಾಳೆ ಫೈಬರ್ ಬದಲಾಯಿಸ್ತೀನಿ” ಎನ್ನುತ್ತಾನೆ. ಆ ಓಟಿಪಿ ಎಂದರೆ ದೂರು ತೃಪ್ತಿಕರವಾಗಿ ಮುಗಿಯಿತು ಎಂದು ನೀವು ಹಾಕಿಕೊಡುವ ಸಹಿ. ಕೊಟ್ಟಿರೋ, ಮೂರು ದಿನದ ಲೆಕ್ಕ ಅಲ್ಲಿಗೆ ನಿಂತಿತು. ನೆಟ್ ಬಂದು, ಒಂದು ವಿಡಿಯೊ ಓಡಿಸಿ ನೋಡುವವರೆಗೂ ಓಟಿಪಿ ಕೊಡಬೇಡಿ. ನೀವು ಕೊಡದೆಯೇ ‘ಪರಿಹರಿಸಲಾಗಿದೆ’ ಎಂದು ಸಂದೇಶ ಬರುವುದೂ ಇದೆ. ಆಗ ಸುಮ್ಮನಿರದೆ ಅದೇ ದಿನ ಹೊಸ ದೂರು ಕೊಟ್ಟು, ಹಳೆಯ ಡಾಕೆಟ್ ನಂಬರನ್ನು ಅದರಲ್ಲಿ ಕಾಣಿಸಿ.

ನೆಟ್ ಇದೆ, ಆದರೆ ನಿಧಾನ ಎನ್ನುವವರ ಕೇಸು ಇನ್ನೂ ಸೂಕ್ಷ್ಮ. ಮಲಗುವ ಕೋಣೆಯಲ್ಲಿ ಮೊಬೈಲಿನಲ್ಲಿ ತೆಗೆದ ಸ್ಪೀಡ್ ಟೆಸ್ಟ್ ತೋರಿಸಿದರೆ ಕಂಪನಿ ಗೋಡೆಯ ಮೇಲೆ ತಪ್ಪು ಹೊರಿಸುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು. ರೂಟರನ್ನು ಟೀವಿ ಹಿಂದೆಯೋ ಚಪ್ಪಲಿ ಗೂಡಿನಲ್ಲೋ ತುರುಕಿ ಕೋರ್ಟಿಗೆ ಬರಬೇಡಿ. ಮನೆಯ ನಡುವೆ ಎತ್ತರದಲ್ಲಿಡಿ. ದೂರದ ಕೋಣೆಗೆ 2.4 ಗಿಗಾಹರ್ಟ್ಸ್, ಹತ್ತಿರದಲ್ಲಿ ವೇಗ ಬೇಕಾದರೆ 5. ಅಷ್ಟಾದ ಮೇಲೂ ನಿಧಾನವಾದರೆ, ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರವಾಗಿ ರೂಟರಿಗೆ ಸಿಕ್ಕಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಅಳೆದು ತಾರೀಖಿನ ಸಮೇತ ಇಟ್ಟುಕೊಳ್ಳಿ. ಆಗ ಗೋಡೆಯ ನೆಪ ನಡೆಯುವುದಿಲ್ಲ. ಆದರೆ ನೂರು ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ ಇಳಿಯುತ್ತದೆ ಎಂದು ಜಗಳಕ್ಕೆ ಹೋಗಬೇಡಿ, ಎಂಟು ಬಿಟ್ ಸೇರಿ ಒಂದು ಬೈಟ್, ಲೆಕ್ಕ ಸರಿಯಾಗಿಯೇ ಇದೆ.

ಮನೆಯೊಳಗೆ ವೈ-ಫೈ ರಿಪೀಟರ್, ಮೆಶ್ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೆ ಮೊಬೈಲ್ ಸಿಗ್ನಲ್ ಹೆಚ್ಚಿಸುತ್ತದೆ ಎಂದು ಆನ್‌ಲೈನಿನಲ್ಲಿ ಮಾರುವ ಬೂಸ್ಟರ್ ಬೇರೆಯೇ ಜಾತಿ. ಅನುಮತಿ ಇಲ್ಲದೆ ಅದನ್ನು ಮಾರುವುದೂ ತಪ್ಪು, ಮಹಡಿ ಮೇಲೆ ಹಾಕುವುದೂ ತಪ್ಪು. ಅಂಗಡಿಯವನು ಹೇಳುವುದಿಲ್ಲ.

ದೂರು ಕೇಂದ್ರದಲ್ಲಿ ಕೆಲಸವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ. ದೂರು ಬಗೆಹರಿಸುವ ಗಡುವು ಮುಗಿದ ಮೂವತ್ತು ದಿನದೊಳಗೆ ಕೊಡಬೇಕು, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಟ್ರಾಯ್‌ಗೇ ಬರೆಯುತ್ತೇನೆ ಎಂದು ಹೊರಡಬೇಡಿ, ಒಬ್ಬೊಬ್ಬ ಗ್ರಾಹಕನ ದೂರನ್ನು ವಿಚಾರಿಸಿ ತೀರ್ಮಾನ ಕೊಡುವುದು ಅದರ ಕೆಲಸವಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ವ್ಯಾಜ್ಯ ಇಲ್ಲಿ ನಡೆಯುವುದಿಲ್ಲ ಎಂದು ಕಂಪನಿಯ ವಕೀಲರು ಹಳೇ ರಾಗ ತೆಗೆದರೆ, 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಆ ಬಾಗಿಲು ತೆರೆದೇ ಇದೆ ಎಂದಿರುವುದನ್ನು ತೋರಿಸಿ. ಕಂಪನಿಯ ಹೆಡ್ ಆಫೀಸು ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, 2019ರ ಕಾಯ್ದೆಯ ಪ್ರಕಾರ ನಿಮ್ಮೂರಿನ ಆಯೋಗದಲ್ಲೇ ಹಾಕಬಹುದು. ಸೇವೆಗೆ ಕೊಟ್ಟ ಹಣ ಐದು ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ, ನನ್ನ ಹೊಟ್ಟೆಪಾಡಿಗೆ ಕಲ್ಲು ಬಿದ್ದರೂ ಹೇಳಲೇಬೇಕಾದ ಮಾತು. ತೊಂದರೆಯಾದ ಎರಡು ವರ್ಷದೊಳಗೆ ಹಾಕಿ.

ಬಾಡಿಗೆ ಮನೆಯಲ್ಲಿದ್ದು ಕನೆಕ್ಷನ್ ಓನರ್ ಹೆಸರಿನಲ್ಲಿದ್ದರೆ ಹೆದರಬೇಡಿ. ಅವರ ಒಪ್ಪಿಗೆಯಿಂದ ಬಳಸುವವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ, ಒಪ್ಪಿಗೆಗೆ ಒಂದು ಚೀಟಿ ಬರೆಸಿಕೊಳ್ಳಿ. ಅಂಗಡಿಗೋ ಆಫೀಸಿಗೋ ಪಡೆದ ಕನೆಕ್ಷನ್ ಆದರೆ ‘ವಾಣಿಜ್ಯ ಉದ್ದೇಶ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಬಳಸುತ್ತಿದ್ದರೆ ಅದನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ. ಹಣ ಕಟ್ಟಿದ ರಸೀತಿ ಕಂಪನಿಯ ಹೆಸರಿನಲ್ಲಿರಲಿ. ಕೇಬಲ್‌ನವನು ಸಿಗರೇಟ್ ಪ್ಯಾಕಿನ ಹಿಂದೆ ‘599 ಬಂತು’ ಎಂದು ಗೀಚಿಕೊಟ್ಟದ್ದನ್ನು ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿದ್ದರು. ಅದನ್ನು ಫೈಲಿಗೆ ಲಗತ್ತಿಸುವುದೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.